ಕಟ್ಟಡಕ್ಕೆ ಕೊಟ್ಟದ್ದು ಸಾಕು, ಗಿಡದ ಚಿತ್ರ ಬರೆಯುವವರಿಗೂ ಒಂದಿಷ್ಟು ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕರಾವಳಿ ಪುಟದಲ್ಲಿ ದಾನಿಗಳ ಫೋಟೋ ಬಾರದ ದಿನ ಕಡಿಮೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಹಿಂದೆ ಹೊಸ ಕಟ್ಟಡ. ಕೊಂಕಿನಿಂದ ಹೇಳುತ್ತಿಲ್ಲ. ನಮ್ಮವರ ಕೈ ದೊಡ್ಡದು. ಮುಂಬೈಯಲ್ಲಿ ಹೋಟೆಲ್ ಮಾಡಿದವರು, ಗಲ್ಫಿನಲ್ಲಿ ದುಡಿದವರು ಊರಿನ ಬ್ರಹ್ಮಕಲಶಕ್ಕೆ, ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ರಂಗಮಂದಿರಕ್ಕೆ ಕೇಳಿದ ಕೂಡಲೇ ಕೊಡುತ್ತಾರೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದ ಸೀಮೆ ಇದು. ಇಲ್ಲಿಯವರಿಗೆ ದುಡ್ಡು ಮಾಡುವುದೂ ಗೊತ್ತು, ಕೊಡುವುದೂ ಗೊತ್ತು.

ಆದರೆ ಒಂದು ಗಿಡದ ಚಿತ್ರ ಬರೆಸಲು ದುಡ್ಡು ಕೊಟ್ಟವರ ಫೋಟೋ ನಾನು ಇದುವರೆಗೆ ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು. ಕತ್ತರಿ ಹಾಕುವುದಾದರೆ ಮೊದಲಿನಿಂದ ಹಾಕಿ, ಲೆಕ್ಕಾಚಾರ ಇರುವುದು ಕೊನೆಯಲ್ಲಿ.

ನಾನು ಕಾಲೇಜೊಂದರ ಬಾಟನಿ ವಿಭಾಗದಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದವಳು. ಈಗ ನಿವೃತ್ತಿ. ಗಿಡ ಒಣಗಿಸುವುದು, ದಪ್ಪ ಕಾಗದದ ಶೀಟಿಗೆ ಹೊಲಿಯುವುದು, ಮಕ್ಕಳಿಗೆ ಪ್ರಾಕ್ಟಿಕಲ್‌ಗೆ ಹೂವು ತಂದಿಡುವುದು ನನ್ನ ಕೆಲಸ. ಕೈ ಸ್ವಲ್ಪ ನೇರ ಇದ್ದ ಕಾರಣ ಗೋಡೆಗೆ ಹಾಕುವ ಚಾರ್ಟುಗಳನ್ನೂ ಬರೆಯುತ್ತಿದ್ದೆ. ಡಿಗ್ರಿ ಇಲ್ಲ. ಹಾಗಾಗಿ ದೊಡ್ಡವರ ವಿಷಯಕ್ಕೆ ಬಾಯಿ ಹಾಕುತ್ತಾಳೆ ಎಂದು ಯಾರಾದರೂ ಅಂದರೆ ಅನ್ನಲಿ.

ನಮ್ಮ ಮೇಡಂ ಒಮ್ಮೆ ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಒಂದು ಪ್ರದರ್ಶನದ ಕ್ಯಾಟಲಾಗ್ ತರಿಸಿದ್ದರು. "ಇಲ್ಲಿ ಬಾ ಮಾರಾಯ್ತಿ, ಇದು ನೋಡು" ಎಂದು ಕರೆದು ತೋರಿಸಿದರು. ಪುಟ ಪುಟದಲ್ಲೂ ಗಿಡಗಳ ಚಿತ್ರ. ಪಕ್ಕದಲ್ಲಿ ಬರೆದವರ ಹೆಸರು, ಊರು. "ಇದನ್ನೆಲ್ಲ ಯಾರು ಮಾಡಿಸುವುದು ಮೇಡಂ, ಸರ್ಕಾರವಾ?" ಎಂದು ಕೇಳಿದೆ. "ಅಲ್ಲ, ಒಬ್ಬ ಹೆಂಗಸು" ಅಂದರು. ಆ ಹೆಂಗಸಿನ ಕಥೆ ಆಗ ಕೇಳಿದ್ದು, ಆಮೇಲೆ ಓದಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ರೇಚಲ್ ಹಂಟ್. ಹುಟ್ಟಿದ್ದು 1882ರಲ್ಲಿ, ತೀರಿಕೊಂಡದ್ದು 1963ರಲ್ಲಿ. ಗಂಡ ರಾಯ್ ಹಂಟ್, ಅಲ್ಕೋವಾ ಅಲ್ಯುಮಿನಿಯಂ ಕಂಪೆನಿಯ ಅಧ್ಯಕ್ಷರಾಗಿದ್ದವರು. ನಮ್ಮ ಅಡುಗೆ ಮನೆಯ ಹಿಂಡಾಲಿಯಂ ಪಾತ್ರೆಯ ಜಾತಿಯದ್ದೇ ದುಡ್ಡು ಅನ್ನಿ. ರೇಚಲ್ ಅವರಿಗೆ ಗಿಡಗಳ ಹಳೆ ಪುಸ್ತಕ ಕೂಡಿಡುವ ಹುಚ್ಚು. ಶ್ರೀಮಂತರ ಮನೆಯ ಹೆಂಗಸರು ಚಿನ್ನ ಕೂಡಿಡುವ ಹಾಗೆ ಸುಮ್ನೆ ಕಪಾಟಿಗೆ ತುಂಬಿದ್ದಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸವನ್ನು ಕಲಿತು, ಸ್ವಂತ ಬೈಂಡಿಂಗ್ ಕೋಣೆ ಇಟ್ಟುಕೊಂಡಿದ್ದರು. ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಅದಕ್ಕೆ 'ಲೆಹ್ಕಾರ್' ಎಂದು ಹೆಸರಿಟ್ಟಿದ್ದರು. ಅಂಟು, ಸೂಜಿ, ದಾರ ಹಿಡಿದ ಕೈ. ನನಗೆ ಅವರ ಮೇಲೆ ಗೌರವ ಬಂದದ್ದು ಮೊದಲು ಈ ಕಾರಣಕ್ಕೆ.

1961ರಲ್ಲಿ ಗಂಡ ಹೆಂಡತಿ ಸೇರಿ ಈಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಎನ್ನುವ ಸಂಸ್ಥೆಗೆ ಒಂದು ಗ್ರಂಥಾಲಯ ಕಟ್ಟಿಸಿಕೊಟ್ಟರು. ಕಟ್ಟಡದ ಮೈಗೆಲ್ಲ ಅಲ್ಯುಮಿನಿಯಂ ಮತ್ತು ಗಾಜು. ಕಂಪೆನಿಯ ಜಾಹೀರಾತೂ ಆಯಿತು ಅಲ್ವಾ, ಶ್ರೀಮಂತರು ಅಷ್ಟಕ್ಕೆಲ್ಲ ಬಿಡುವವರಲ್ಲ. ಮೇಲಿನ ಮಹಡಿಯಲ್ಲಿ ರೇಚಲ್ ಅವರ ಗಿಡಗಳ ಪುಸ್ತಕ, ಚಿತ್ರ ಎಲ್ಲ ಹೋಯಿತು. ಇಂದು ಅದರ ಹೆಸರು ಹಂಟ್ ಇನ್‌ಸ್ಟಿಟ್ಯೂಟ್.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಕಟ್ಟಡ ನಮ್ಮಲ್ಲೂ ಬೇಕಾದಷ್ಟಿದೆ. ಅವರು ಪುಸ್ತಕದ ಜೊತೆಗೆ ಪುಸ್ತಕ ಗೊತ್ತಿರುವ ಜನರನ್ನೂ ಇಟ್ಟರು. ತನ್ನ ಸಂಗ್ರಹದಲ್ಲಿದ್ದ, 1477ರಿಂದ 1800ರ ವರೆಗೆ ಅಚ್ಚಾದ ಪುಸ್ತಕಗಳಿಗೆ ಪಟ್ಟಿ ಮಾಡಿಸಿದರು. ಬರೀ ಹೆಸರಿನ ಪಟ್ಟಿಯಲ್ಲ, ಪ್ರತಿ ಪುಸ್ತಕದ ಜಾತಕ. ಅದು 1958ರಿಂದ 1961ರ ಒಳಗೆ ಎರಡು ಸಂಪುಟವಾಗಿ ಬಂತು. ಸಸ್ಯವಿಜ್ಞಾನಿಯೊಬ್ಬರನ್ನೇ ನಿರ್ದೇಶಕರನ್ನಾಗಿ ತಂದರು, ಜಾರ್ಜ್ ಲಾರೆನ್ಸ್ ಎಂದು. 1964ರಲ್ಲಿ, ಅಂದರೆ ರೇಚಲ್ ತೀರಿಕೊಂಡ ಮರುವರ್ಷ, ದೇಶ ದೇಶದ ಗಿಡಚಿತ್ರಕಾರರ ಪ್ರದರ್ಶನ ಶುರುವಾಯಿತು. ಮತ್ತೆ ಮತ್ತೆ ನಡೆಯುತ್ತಾ ಬಂತು. ಈಗ ಅವರ ಹತ್ತಿರ ಇರುವ ಚಿತ್ರಗಳ ಸಂಖ್ಯೆ ಸುಮಾರು 30,000.

ಅದರಲ್ಲಿ ಒಂದು ಗಂಟಿನ ಕಥೆ ಹೇಳಲೇಬೇಕು. 1787ರಲ್ಲಿ ಸ್ಪೇನಿನ ರಾಜ ಮೆಕ್ಸಿಕೋದ ಗಿಡಗಳನ್ನು ನೋಡಿ ಬರೆಯಲು ಒಂದು ತಂಡ ಕಳಿಸಿದ. ಸೆಸ್ಸೆ, ಮೊಸಿನ್ಯೋ ಎಂಬ ಇಬ್ಬರು ಮುಖ್ಯಸ್ಥರು. ಜೊತೆಗೆ ಅಲ್ಲಿಯವರೇ ಆದ ಹುಡುಗ ಚಿತ್ರಕಾರರು. ವರ್ಷಗಟ್ಟಲೆ ಕಾಡು ಸುತ್ತಿ ಸಾವಿರಾರು ಚಿತ್ರ ಬರೆದರು. ಅಷ್ಟರಲ್ಲಿ ಸ್ಪೇನಿನಲ್ಲಿ ಯುದ್ಧ. ಮೊಸಿನ್ಯೋ ಚಿತ್ರಗಳ ಗಂಟು ಹೊತ್ತುಕೊಂಡು ಊರು ಬಿಟ್ಟ. ಕೊನೆಗೆ ಅದನ್ನು ಕ್ಯಾಂಡೋಲ್ ಎಂಬ ಸಸ್ಯವಿಜ್ಞಾನಿಯ ಕೈಗೆ ಕೊಟ್ಟ. 1817ರಲ್ಲಿ, ಗಂಟು ವಾಪಸ್ ಬೇಕು, ಸ್ಪೇನಿಗೆ ಹೋಗುತ್ತಿದ್ದೇನೆ ಎಂದು ಕೇಳಿ ಕಳಿಸಿದ. ಕ್ಯಾಂಡೋಲ್ ಆಗ ಜಿನೀವಾದಲ್ಲಿದ್ದ. ಕೊಡದೆ ಉಪಾಯವಿಲ್ಲ, ಕೊಟ್ಟರೆ ಮತ್ತೆ ಸಿಗುವ ನಂಬಿಕೆ ಇಲ್ಲ. ಊರಿನವರಿಗೆ ಹೇಳಿದ. ಚಿತ್ರ ಬರೆಯಲು ಬರುವ ನೂರಕ್ಕೂ ಹೆಚ್ಚು ಜನ, ಅದರಲ್ಲಿ ಹೆಂಗಸರೇ ಜಾಸ್ತಿ, ಹಾಳೆಗಳನ್ನು ಹಂಚಿಕೊಂಡು ಕೂತರು. ಹತ್ತು ದಿನದಷ್ಟರಲ್ಲಿ ಸಾವಿರದಷ್ಟು ಚಿತ್ರಗಳ ನಕಲು ಆಯಿತು.

ಅಸಲು ಗಂಟು ಮಾತ್ರ ಮೊಸಿನ್ಯೋ ತೀರಿಕೊಂಡ ಮೇಲೆ ಕಾಣೆಯಾಯಿತು. ಎಲ್ಲಿ ಹೋಯಿತು ಎಂದು ವಿಜ್ಞಾನಿಗಳು ತಲೆ ಕೆರೆದುಕೊಂಡರು. ಅದು ಇದ್ದದ್ದು ಬಾರ್ಸಿಲೋನಾದ ಒಂದು ಮನೆಯಲ್ಲಿ. 1981ರಲ್ಲಿ ಆ ಮನೆಯವರಿಂದ ಸುಮಾರು 2,000 ಚಿತ್ರಗಳನ್ನು ಹಂಟ್ ಇನ್‌ಸ್ಟಿಟ್ಯೂಟ್ ತೆಗೆದುಕೊಂಡಿತು. ರೇಚಲ್ ಇಲ್ಲವಾಗಿ ಆಗಲೇ ಬಹಳ ವರ್ಷ ಆಗಿತ್ತು. ಆದರೂ ಚಿತ್ರ ಬಂದರೆ ಇದು ಯಾವುದು ಎಂದು ಗುರುತಿಸುವವರು, ಇಡಲು ಜಾಗ, ಕೊಳ್ಳಲು ದುಡ್ಡು ಮೂರೂ ಅಲ್ಲಿತ್ತು. ನಾನು ಹೇಳುವ ದಾನ ಇಂಥದ್ದು.

ಇಂಥ ಇನ್ನೊಬ್ಬರು ಇಂಗ್ಲೆಂಡಿನ ಶರ್ಲಿ ಶೆರ್ವುಡ್. ಬಾಟನಿ ಓದಿದವರು. ಗಂಡನದ್ದು ಹಡಗಿನ ಕಂಟೇನರ್ ಮತ್ತು ಐಷಾರಾಮಿ ಹೋಟೆಲ್ ವ್ಯವಹಾರ. ಇವರು 1990ರಿಂದ ಇಂದಿನ ಕಾಲದ ಗಿಡಚಿತ್ರಗಳನ್ನು ಕೊಳ್ಳುತ್ತಾ ಬಂದರು. 2008ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಇವರ ಹೆಸರಿನ ಗ್ಯಾಲರಿ ತೆರೆಯಿತು. ಬದುಕಿರುವ ಕಲಾವಿದರ ಚಿತ್ರ ಕೊಂಡರೆ ಅವರ ಮನೆಯ ಒಲೆಯೂ ಉರಿಯುತ್ತದೆ. ಹೋಟೆಲಿನ ದುಡ್ಡು ಗಿಡದ ಚಿತ್ರಕ್ಕೆ ಬಂದದ್ದನ್ನು ನಮ್ಮ ಹೋಟೆಲ್ ಧಣಿಗಳು ಗಮನಿಸಲಿ ಎಂದೇ ಇದನ್ನು ಬರೆದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಕೈಯಲ್ಲಿ ಮೊಬೈಲ್ ಇರುವಾಗ ಚಿತ್ರ ಎಂತಕ್ಕೆ?

ನಮ್ಮ ಬೇಲಿಯಲ್ಲಿ ಮಳೆಗಾಲದಲ್ಲಿ ಅಗ್ನಿಶಿಖೆ ಹಬ್ಬುತ್ತದೆ. ಅಷ್ಟಮಿ, ಚೌತಿಯ ಹೊತ್ತಿಗೆ ಹೂವು. ಕೆಲವರು ಗೌರಿ ಹೂ ಅನ್ನುತ್ತಾರೆ. ಮೊದಲ ದಿನ ಎಸಳು ಹಸಿರು ಬೆರೆತ ಹಳದಿ. ಆಮೇಲೆ ಬುಡ ಹಳದಿ, ತುದಿ ಕೆಂಪು. ಬಾಡುವ ಮೊದಲು ಪೂರ್ತಿ ಕೆಂಪು. ಆರು ಎಸಳು, ಅಂಚು ಸುಕ್ಕು ಸುಕ್ಕು, ಎಲ್ಲ ಮೇಲಕ್ಕೆ ಮಗುಚಿಕೊಂಡಿರುತ್ತವೆ. ಕೇಸರಗಳು ಸುತ್ತಲೂ ಹೊರಗೆ ಚಾಚಿರುತ್ತವೆ. ಸರಿಯಾಗಿ ನೋಡಬೇಕಾದ್ದು ಶಲಾಕೆಯನ್ನು, ಅಂದರೆ ಹೂವಿನ ನಡುವಿನ ಹೆಣ್ಣು ಭಾಗದ ಕಡ್ಡಿಯನ್ನು. ಅದು ಅಂಡಾಶಯದ ತುದಿಯಿಂದ ನೇರ ಹೋಗುವುದಿಲ್ಲ, ಬುಡದಲ್ಲೇ ಮಡಚಿ ಪಕ್ಕಕ್ಕೆ ತಿರುಗಿರುತ್ತದೆ. ಎಲೆಯ ತುದಿ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿ ಬೇಲಿಯ ಕೋಲನ್ನು ಹಿಡಿದಿರುತ್ತದೆ. ನೆಲದಡಿಯಲ್ಲಿ ಗೆಡ್ಡೆ, ಭಾರೀ ವಿಷ.

ಈ ಎಲ್ಲವನ್ನೂ ಒಂದು ಫೋಟೋದಲ್ಲಿ ತೋರಿಸಿ ನೋಡುವಾ. ಆಗುವುದಿಲ್ಲ. ಹೂವಿಗೆ ಫೋಕಸ್ ಮಾಡಿದರೆ ಎಲೆ ಮಸುಕು. ಗೆಡ್ಡೆ ಬೇಕೆಂದರೆ ಗಿಡ ಕೀಳಬೇಕು. ಮೂರು ಹಂತದ ಬಣ್ಣಕ್ಕೆ ಮೂರು ಫೋಟೋ. ಚಿತ್ರಕಾರರು ಹಲವು ದಿನ ಗಿಡದ ಎದುರು ಕೂತು, ಮೊಗ್ಗು, ಮೂರು ಬಣ್ಣದ ಹೂವು, ಕಾಯಿ, ಬೀಜ, ಕತ್ತರಿಸಿದ ಅಂಡಾಶಯ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಳತೆಗೆ ಸರಿಯಾಗಿ ಇಡುತ್ತಾರೆ. ಎಲೆಗೆ ಹುಳ ತಿಂದ ತೂತು ಇದ್ದರೆ ಅದನ್ನು ಬಿಡಬಹುದು, ನರಗಳ ಲೆಕ್ಕ ಮಾತ್ರ ತಪ್ಪುವ ಹಾಗಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಗೊತ್ತಾಗಲು ಪಕ್ಕದಲ್ಲಿ ಸಸ್ಯವಿಜ್ಞಾನಿ ಬೇಕು. ಕಲೆ ಒಂದು ಕಡೆ, ವಿಜ್ಞಾನ ಒಂದು ಕಡೆ ಇದ್ದರೆ ಈ ಕೆಲಸ ಆಗುವುದೇ ಇಲ್ಲ.

ಒಣಗಿಸಿದ ಗಿಡ ಇದೆಯಲ್ಲ ಎನ್ನಬಹುದು. ಅದೂ ಬೇಕೇ ಬೇಕು, ನಾನು ಬದುಕಿದ್ದೇ ಅದರಿಂದ. ಆದರೆ ಒಣಗಿದ ಮೇಲೆ ನೀಲಿ ಹೂವೂ ಕಂದು, ಹಳದಿ ಹೂವೂ ಕಂದು. ದಪ್ಪ ಎಸಳಿನ ಸೀತಾಳೆಯಂಥ ಆರ್ಕಿಡ್ ಚಪ್ಪಟೆಯಾದರೆ ಅದರ ರೂಪವೇ ಹೋಯಿತು. ಬಣ್ಣವನ್ನೂ ಆಕಾರವನ್ನೂ ಹಿಡಿದಿಡುವುದು ಚಿತ್ರ. ಶೀಟು ಸಾಕ್ಷಿ ಹೇಳುತ್ತದೆ, ಚಿತ್ರ ಗುರುತು ಹೇಳುತ್ತದೆ.

ಗುರುತು ತಪ್ಪಿದರೆ ಏನಾಗುತ್ತದೆ ಎಂದು ತುಳುನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆ ತಂದು ಕಷಾಯ ಕುಡಿಯುತ್ತೇವೆ. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ತರಬೇಕು. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ದಿನವೇ ಹೋಗಿ ದಾರ ಕಟ್ಟಿ ಬರುತ್ತಿದ್ದರು. ಹಿರಿಯರಿಗೆ ಬುದ್ಧಿ ಇತ್ತು. ಯಾಕೆಂದರೆ ಅದೇ ಗುಡ್ಡದಲ್ಲಿ ಕಾಸರಕವೂ ಇರುತ್ತದೆ. ಕಾಸರಕದ ತೊಗಟೆಯಲ್ಲೂ ಬೀಜದಲ್ಲೂ ವಿಷ. ಈಗ ಹೊಸಬರು ಬರೀ ತೊಗಟೆ ನೋಡಿ ತರುತ್ತಾರೆ. ಪಾಲೆಯ ಎಲೆ ಒಂದೇ ಗೆಣ್ಣಿನಲ್ಲಿ ನಾಲ್ಕರಿಂದ ಏಳರವರೆಗೆ ಸುತ್ತಲೂ ಇರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎರಡೆರಡೇ ಎಲೆ ಎದುರೆದುರು, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ, ಹಾಲು ಇಲ್ಲ. ಕಾಯಿ ಹಣ್ಣಾದರೆ ಕಿತ್ತಳೆ ಬಣ್ಣದ ಉಂಡೆ. ಈ ಎರಡು ಮರಗಳ ಒಂದೊಂದು ಒಳ್ಳೆಯ ಚಿತ್ರವನ್ನು ಅಕ್ಕಪಕ್ಕ ಇಟ್ಟು, ಆಟಿಯ ಮೊದಲ ವಾರ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಹಾಕಿದರೆ ಎಷ್ಟು ಜನಕ್ಕೆ ಉಪಕಾರ! ವಾಟ್ಸಾಪಿನಲ್ಲಿ ಪ್ರತಿ ವರ್ಷ ತಿರುಗುವ ಮಸುಕು ಫೋಟೋಗಿಂತ ಅದು ಮೇಲು.

ನನ್ನ ಹೊಟ್ಟೆಯುರಿಯ ವಿಷಯವೂ ಒಂದಿದೆ. ಕರಾವಳಿಯ ಮಳೆಯಲ್ಲಿ ಗಿಡ ಒಣಗಿಸುವುದೆಂದರೆ ಸಾಹಸ. ದಿನಾ ಕಾಗದ ಬದಲಿಸಬೇಕು. ನಿಮ್ಮ ಪತ್ರಿಕೆಯ ಕಪ್ಪು ಬಿಳುಪಿನ ಪುಟಗಳು ನೀರು ಚೆನ್ನಾಗಿ ಹೀರುತ್ತವೆ, ನಯವಾದ ಬಣ್ಣದ ಪುರವಣಿ ಹೀರುವುದಿಲ್ಲ. ಇದು ದೂರಲ್ಲ, ಅನುಭವ. ಆಷಾಢದಲ್ಲಿ ಬಿಸಿಲೇ ಇಲ್ಲದಾಗ ಮರದ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಅದರ ಮೇಲೆ ಗಿಡ ಒತ್ತಿಡುವ ಪ್ರೆಸ್ ಇಡುತ್ತಿದ್ದೆವು. ಆಮೇಲೆ ವಿಷದ ದ್ರಾವಣದಲ್ಲಿ ಅದ್ದುವುದು, ಶೀಟಿಗೆ ಅಂಟಿಸುವುದು, ದಪ್ಪ ಕಡ್ಡಿಗಳಿಗೆ ದಾರದ ಹೊಲಿಗೆ, ಬಲಗಡೆ ಕೆಳಗೆ ಲೇಬಲ್. ನುಸಿಗುಳಿಗೆ ಹಾಕಿ ಕಪಾಟಿನಲ್ಲಿಟ್ಟರೂ ಬೂಷ್ಟು ಬಿಡುವುದಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಒಂದೊಂದೇ ತೆಗೆದು, ಬ್ರಷ್ಷಿನಲ್ಲಿ ಒರೆಸಿ ಇಡುವುದು ನನ್ನ ಪಾಲಿನ ವ್ರತ.

ಮೇಡಂ ನಿವೃತ್ತರಾದರು, ಆಮೇಲೆ ನಾನೂ. ಕಾಲೇಜಿಗೆ ಹೊಸ ಕಟ್ಟಡ ಬಂತು. ದಾನಿಗಳ ಹೆಸರು ಗ್ರಾನೈಟಿನಲ್ಲಿ ಚಿನ್ನದ ಅಕ್ಷರದಲ್ಲಿ ಇದೆ. ಹಳೆಯ ಲ್ಯಾಬು ಖಾಲಿ ಮಾಡುವಾಗ ಹರ್ಬೇರಿಯಂ, ಅಂದರೆ ಒಣ ಗಿಡಗಳ ಶೀಟು ಇಡುವ ಕಪಾಟಿಗೆ ಹೊಸ ಕಡೆ ಜಾಗ ಇಲ್ಲ ಎಂದಾಯಿತು. ಕಪಾಟು ಕಬ್ಬಿಣದ್ದು, ಗುಜರಿಗೆ ಹೋಯಿತು. ಶೀಟುಗಳು ಕೆಲವು ಸಮಯ ಮೆಟ್ಟಿಲಿನ ಅಡಿಯಲ್ಲಿ ಇದ್ದವಂತೆ. ಆಮೇಲೆ ಇಲ್ಲ. ನಾನು ಹೋಗಿ ಕೇಳಿದಾಗ ಹೊಸ ಹುಡುಗ ಪಾಪ, "ಆ ಒಣ ಸೊಪ್ಪಾ ಆಂಟಿ? ಕ್ಲೀನ್ ಮಾಡಿದ್ರು" ಎಂದ. ಅವನ ತಪ್ಪಿಲ್ಲ. ಅದರಲ್ಲಿ ಈಗ ಮನೆಗಳೆದ್ದಿರುವ ಪದವುಗಳಿಂದ (ಮುರಕಲ್ಲಿನ ಬಯಲುಗಳಿಂದ) ತಂದ ಗಿಡಗಳೂ ಇದ್ದವು. ಕಟ್ಟಡ ಕೊಟ್ಟವರನ್ನು ನಾನು ಬೈಯುವುದಿಲ್ಲ. ಕಟ್ಟಡದ ಜೊತೆಗೆ ಕಪಾಟು ನೋಡಿಕೊಳ್ಳುವ ಒಬ್ಬರ ಸಂಬಳಕ್ಕೂ ಅವರು ಒಂದಿಷ್ಟು ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವುದು ನನ್ನ ಮಾತು.

ತಮಾಷೆ ಎಂದರೆ, ನಮ್ಮೂರ ಗಿಡಗಳು ಪರದೇಶದಲ್ಲಿ ಸುಖವಾಗಿವೆ. 19ನೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ನಿನ ಮೆಟ್ಜ್ ಎಂಬ ಪಾದ್ರಿ ಮಂಗಳೂರಿನ ಸುತ್ತಮುತ್ತ ಗಿಡ ಕೂಡಿಸಿ ಜರ್ಮನಿಗೆ ಕಳಿಸಿದರು. ಅಲ್ಲಿ ಹೊಹೆನಾಕರ್ ಎಂಬವರು ಅವನ್ನು ಕಟ್ಟು ಕಟ್ಟಿ ಯುರೋಪಿನ ಸಂಗ್ರಹಾಲಯಗಳಿಗೆ ಮಾರಿದರು. 'ಕೆನರಾ' ಎಂದು ಅಚ್ಚು ಹಾಕಿದ ಆ ಲೇಬಲ್‌ಗಳು ಇಂದಿಗೂ ಅಲ್ಲಿವೆ. ಒಂದು ಹುಲ್ಲಿಗೆ ಮೆಟ್ಜ್ ಹೆಸರು, ಇನ್ನೊಂದಕ್ಕೆ ಹೊಹೆನಾಕರ್ ಹೆಸರು. ಹುಲ್ಲು ನಮ್ಮದು. ಅದಕ್ಕೂ ಹಿಂದೆ ಕೊಚ್ಚಿಯಲ್ಲಿ ಡಚ್ಚರ ಗವರ್ನರ್ ಆಗಿದ್ದ ವಾನ್ ರೀಡ್ 'ಹೋರ್ಟಸ್ ಮಲಬಾರಿಕಸ್' ಎಂಬ ಗಿಡಗಳ ಪುಸ್ತಕ ಮಾಡಿಸಿದ. 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 12 ಸಂಪುಟ, 742 ಗಿಡ. ಗಿಡಗಳ ಗುಣ ಹೇಳಿಕೊಟ್ಟವರು ವೈದ್ಯ ಇಟ್ಟಿ ಅಚ್ಯುದನ್ ಮತ್ತು ಮೂವರು ಕೊಂಕಣಿಗರು: ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಅವರು 1675ರಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಮಂಗಳೂರಿನ ಕೊಂಕಣಿ ಮಾತಾಡುವವರು ಇದನ್ನು ಮನೆಯಲ್ಲಿ ಮಕ್ಕಳಿಗೆ ಹೇಳಬೇಕು.

ಹೇಳಿಕೊಟ್ಟವರ ಹೆಸರು ಅಲ್ಲಿ ಉಳಿಯಿತು. ಚಿತ್ರ ಬರೆದ ನಮ್ಮವರ ಹೆಸರು ಎಲ್ಲ ಕಡೆ ಉಳಿಯಲಿಲ್ಲ. ಘಾಟಿ ಹತ್ತಿದರೆ ಶಿವಮೊಗ್ಗ. ಅಲ್ಲಿ 1845ರಿಂದ 1847ರ ವರೆಗೆ ಇದ್ದ ಡಾಕ್ಟರ್ ಕ್ಲೆಗಾರ್ನ್ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ಮಲೆನಾಡಿನ ಗಿಡಗಳನ್ನು ಬರೆಸಿದ. ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಕ್ಲೆಗಾರ್ನ್ ಹೆಸರು ಎಲ್ಲರಿಗೂ ಗೊತ್ತು, ಬರೆದವನು ಬರೀ 'ಮರಾಠಿ ಚಿತ್ರಕಾರ'. ಅದೇ ಮದರಾಸಿನಲ್ಲಿದ್ದ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಸ್ವಲ್ಪ ದೊಡ್ಡ ಮನಸ್ಸಿನವ. ತನಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಫಲಕಗಳ ಪುಸ್ತಕ ಮಾಡಲು ನೆರವಾದ ರಂಗಯ್ಯ, ಗೋವಿಂದು ಎಂಬ ಕಲಾವಿದರ ಹೆಸರು ಹೇಳಿದ. ಒಂದು ಆರ್ಕಿಡ್‌ಗೆ 'ಗೋವಿಂದೂಯಾ' ಎಂದೇ ಹೆಸರಿಟ್ಟ. ಸಾಹೇಬರ ಕಾಲದಲ್ಲೇ ಅದು ಆಗಿದ್ದರೆ ಈಗ ಆಗದೇ ಇರಲು ಕಾರಣ ಇಲ್ಲ.

ವಿಜ್ಞಾನದ ಕೆಲಸ ನಮ್ಮಲ್ಲಿ ಆಗಿಲ್ಲ ಎಂದಲ್ಲ. ಉಡುಪಿಯ ಪ್ರಾಧ್ಯಾಪಕ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಉಡುಪಿಯ ಗಿಡಗಳ ಮೇಲೆ, 2014ರಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಗಿಡಗಳ ಮೇಲೆ ದೊಡ್ಡ ಗ್ರಂಥ ತಂದರು. ಮಂಗಳೂರಿನ ಪಿಲಿಕುಳದಲ್ಲಿ ಪಶ್ಚಿಮಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ್ದಾರೆ. ತಳಪಾಯ ಇದೆ. ಅದರ ಮೇಲೆ ನಿಂತು ಒಂದೊಂದೇ ಗಿಡವನ್ನು ಬರೆಯುವ ಕೈ ಬೇಕು. ಚಿತ್ರ ಕಲಿತ ಮಕ್ಕಳೇನೂ ಕಡಿಮೆ ಇಲ್ಲ. ಮಂಗಳೂರು, ಉಡುಪಿಯಲ್ಲಿ ಕಲಿತವರು ಮದುವೆ ಮಂಟಪದ ಥರ್ಮಾಕೋಲ್ ಕೊರೆಯುತ್ತಿದ್ದಾರೆ, ಇಲ್ಲವೇ ಬೆಂಗಳೂರಿಗೆ ಹೋಗಿ ಕಂಪ್ಯೂಟರಿನಲ್ಲಿ ಜಾಹೀರಾತು ಮಾಡುತ್ತಿದ್ದಾರೆ.

ಈಗ ಲೆಕ್ಕಕ್ಕೆ ಬರುತ್ತೇನೆ.

ನಮಗೆ ಹರಕೆ ಆಟ ಗೊತ್ತು. ಯಕ್ಷಗಾನ ಮೇಳದ ಒಂದು ರಾತ್ರಿಯ ಆಟವನ್ನು ಒಂದು ಮನೆಯವರು ಆಡಿಸುತ್ತಾರೆ. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಕಾಯುತ್ತಾರೆ. ಒಂದು ರಾತ್ರಿಗೆ ಒಬ್ಬರು, ಹೀಗೆ ಮೇಳದ ತಿರುಗಾಟ ನಡೆಯುತ್ತದೆ, ಕಲಾವಿದರ ಹೊಟ್ಟೆ ತುಂಬುತ್ತದೆ. ಗಿಡಕ್ಕೂ ಹಾಗೆ ಮಾಡಿ. ಒಂದು ಗಿಡಕ್ಕೆ ಒಂದು ಹರಕೆ. ಅಮ್ಮನ ಹೆಸರಿನಲ್ಲಿ ಶಂಕರಪುರ ಮಲ್ಲಿಗೆ, ಅಜ್ಜನ ಹೆಸರಿನಲ್ಲಿ ಪಾಲೆ, ಮಗುವಿನ ಹುಟ್ಟುಹಬ್ಬಕ್ಕೆ ಸೀತಾಳೆ. ರೇಚಲ್ ಹಂಟ್ ಒಬ್ಬರೇ ಮಾಡಿದ್ದನ್ನು ನಾವು ಜಿನೀವಾದವರ ಹಾಗೆ ಹಂಚಿಕೊಂಡು ಮಾಡಬಹುದು. ಒಬ್ಬರೇ ಮಾಡುವ ಶಕ್ತಿ ಇರುವವರೂ ನಮ್ಮಲ್ಲಿ ಇದ್ದಾರೆ, ಅವರು ಮುಂದೆ ಬಂದರೆ ಯಾರೂ ಬೇಡ ಅನ್ನುವುದಿಲ್ಲ.

ಒಬ್ಬ ಕಲಾವಿದೆಗೆ ತಿಂಗಳಿಗೆ 30,000 ಎಂದು ಹಿಡಿಯಿರಿ. ವರ್ಷಕ್ಕೆ 3,60,000. ಒಣ ಗಿಡ ನೋಡಿಕೊಳ್ಳುವ, ಲೇಬಲ್ ಬರೆಯುವ ಇನ್ನೊಬ್ಬರಿಗೆ 20,000ದ ಹಾಗೆ 2,40,000. ಒಟ್ಟು ಆರು ಲಕ್ಷ. ಒಳ್ಳೆಯ ಕಾಗದ, ಬಣ್ಣ, ಒಂದು ಮೈಕ್ರೋಸ್ಕೋಪು, ಗಾಳಿಯ ಪಸೆ ತೆಗೆಯುವ ಯಂತ್ರ, ಕರೆಂಟು ಬಿಲ್ಲು ಎಂದು ಇನ್ನಷ್ಟು ಸೇರಿಸಿ. ಈಗಿನ ಕಾಲದಲ್ಲಿ ಒಂದು ಮದುವೆಯ ಸ್ಟೇಜಿನ ಅಲಂಕಾರಕ್ಕೆ ಇಷ್ಟು ಖರ್ಚು ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಒಂದು ವರ್ಷ ಕೊಟ್ಟು ಬಿಡುವ ಹಾಗಿಲ್ಲ. ಕೈ ಪಳಗಲೇ ಒಂದೆರಡು ವರ್ಷ ಬೇಕು. ಐದು ವರ್ಷಕ್ಕೆ ಮಾತು ಕೊಟ್ಟವರು ಮಾತ್ರ ಬರಲಿ.

ನನ್ನ ಕೆಲವು ಹಟಗಳಿವೆ. ಚಿತ್ರದ ಕೆಳಗೆ ಮೊದಲು ಬರೆದವರ ಹೆಸರು, ಆಮೇಲೆ ಗಿಡ ಗುರುತಿಸಿದವರ ಹೆಸರು, ಕೊನೆಗೆ ಸಣ್ಣ ಅಕ್ಷರದಲ್ಲಿ ದಾನಿಯ ಹೆಸರು. ಗಿಡದ ತುಳು, ಕನ್ನಡ, ಕೊಂಕಣಿ, ಬ್ಯಾರಿ ಹೆಸರುಗಳು ಎಲ್ಲ ಇರಬೇಕು, ಹೇಳಿದವರು ಯಾರು ಎಂದೂ ಬರೆಯಬೇಕು. ಹಳ್ಳಿಯ ಮದ್ದು ಗೊತ್ತಿರುವ ಅಜ್ಜಿ ಆದರೂ ಸರಿ, ಅವರು ಒಪ್ಪಿದರೆ ಹೆಸರು ಹಾಕಿ. ಚಿತ್ರ ದಾನಿಯ ಮನೆಯ ಹಾಲಿನಲ್ಲಿ ನೇತಾಡಬಾರದು. ಬೇಕಾದರೆ ಅಚ್ಚು ಮಾಡಿಸಿಕೊಂಡು ಹೋಗಲಿ, ಅಸಲು ಎಲ್ಲರೂ ನೋಡುವ ಕಡೆ ಇರಲಿ. ಇನ್ನು ದಯವಿಟ್ಟು ಇದಕ್ಕೆಂದು ಹೊಸ ಕಟ್ಟಡ ಕಟ್ಟಬೇಡಿ. ಪಸೆ ಇಲ್ಲದ ಒಂದು ಕೋಣೆ ಸಾಕು. ಯಾವುದಾದರೂ ಕಾಲೇಜಿನಲ್ಲಿ ಸಿಗುತ್ತದೆ.

ಹಸಿದವರಿಗೆ ಅನ್ನ, ರೋಗಿಗಳಿಗೆ ಡಯಾಲಿಸಿಸ್ ಬಿಟ್ಟು ಗಿಡದ ಚಿತ್ರವಾ ಎಂದು ಕೇಳುವವರಿದ್ದಾರೆ. ಅದಕ್ಕೆ ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳಿಲ್ಲ. ಎರಡನೇ ಸ್ವಾಗತ ಗೋಪುರಕ್ಕೆ ಕೊಡುವುದನ್ನು ಇತ್ತ ಕೊಡಿ ಎನ್ನುತ್ತಿದ್ದೇನೆ.

ಯಾವುದರಿಂದ ಶುರು ಮಾಡುವುದು ಎಂದರೆ, ನನ್ನನ್ನು ಕೇಳಿದರೆ ಪದವಿನ ಗಿಡಗಳಿಂದ. ಮುರಕಲ್ಲಿನ ಪದವು ಬೇಸಿಗೆಯಲ್ಲಿ ಬೋಳು. ಅದಕ್ಕೇ ಅದನ್ನು ಎಲ್ಲರೂ ಖಾಲಿ ಜಾಗ ಎನ್ನುವುದು, ಕೋರೆ ಮಾಡುವುದು, ಸೈಟು ಮಾಡುವುದು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ನೋಡಿ. ಒಂದಂಗುಲ ಮಣ್ಣಿಲ್ಲದ ಕಲ್ಲಿನ ಮೇಲೆ ಬಿಳಿ ಗುಂಡಿಯಂಥ ಎರಿಯೋಕೌಲಾನ್, ನೀರು ನಿಂತ ಕಡೆ ನೀಲಿ ಯುಟ್ರಿಕ್ಯುಲೇರಿಯಾ, ಹುಳ ಹಿಡಿದು ತಿನ್ನುವ ಡ್ರೊಸೆರಾ. ಕೆಲವಕ್ಕೆ ಬೆರಳಿನಷ್ಟೂ ಎತ್ತರ ಇಲ್ಲ, ಮಂಡಿಯೂರಿ ಕೂತರೆ ಮಾತ್ರ ಕಾಣುತ್ತವೆ. ಮೊಬೈಲಿನಲ್ಲಿ ತೆಗೆದರೆ ಬರೀ ಬಿಳಿ ಚುಕ್ಕೆ. ಕೋರೆಯ ಯಂತ್ರ ಬಂದರೆ ಒಂದು ವಾರದ ಕೆಲಸ, ಮುಂದಿನ ಮಳೆಗೆ ಅಲ್ಲಿ ಹೊಂಡದ ನೀರು ಮಾತ್ರ.

ಶೀಟ್ ಹೊಲಿಯುವುದನ್ನು, ಮಳೆಯಲ್ಲಿ ಗಿಡ ಒಣಗಿಸುವುದನ್ನು ಕಲಿಯಬೇಕೆಂದವರಿಗೆ ನಾನು ದುಡ್ಡಿಲ್ಲದೆ ಕಲಿಸುತ್ತೇನೆ. ಕಣ್ಣು ಸ್ವಲ್ಪ ಮಂದ, ಕೈ ಇನ್ನೂ ನಡುಗುವುದಿಲ್ಲ. ನನ್ನ ವಿಳಾಸ ಈ ಪತ್ರದ ಜೊತೆ ಬೇರೆ ಚೀಟಿಯಲ್ಲಿದೆ. ಅದನ್ನು ಅಚ್ಚು ಮಾಡಬೇಡಿ. ಹರಕೆ ಹೊರುವ ಮನಸ್ಸಿರುವ ದಾನಿಗಳು ಯಾರಾದರೂ ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಮಾತ್ರ ಕೊಡಿ.

ಇತಿ,
ನಿವೃತ್ತ ಲ್ಯಾಬ್ ಅಟೆಂಡರ್ (ಹೆಸರು ಬೇಡ)
ಬ್ರಹ್ಮಾವರ, ಉಡುಪಿ ಜಿಲ್ಲೆ